ಕಾದಂಬರಿ ಇರಲಿ, ಆ ಕರಾರಿಗೆ ಸಹಿ ಹಾಕಬೇಡಿ

ಓದುಗರೊಬ್ಬರ ಪತ್ರ ಈ ವಾರ ನನ್ನ ನಿದ್ದೆ ಕೆಡಿಸಿದೆ. ಅವರ ಕತೆಗಳು ಪತ್ರಿಕೆಗಳಲ್ಲಿ ಬಂದಿವೆ, ಮೊದಲ ಸಂಕಲನ ಅಚ್ಚಿಗೆ ಸಿದ್ಧವಾಗಿದೆ. ಕಾದಂಬರಿ ಬರೆಯದ ಹೊರತು ಹೆಸರು ಬರುವುದಿಲ್ಲವೆಂದು ಸುತ್ತಲಿನವರು ಹೆದರಿಸಿದ್ದಾರೆ. ನೌಕರಿ ಬಿಟ್ಟು ಕಾದಂಬರಿಗೆ ಕೂರಲೇ ಎಂಬುದು ಪ್ರಶ್ನೆ.

ಬಿಡಬೇಡಿ. ಇದನ್ನು ಎಷ್ಟು ಸಲ ಬರೆದರೂ ನನಗೆ ಬೇಸರವಿಲ್ಲ: ತಿಂಗಳ ಸಂಬಳ ಇರುವವರು ಯಾರ ಮರ್ಜಿಗೂ ಬರೆಯಬೇಕಿಲ್ಲ. ಇನ್ನು ಕಾದಂಬರಿಯ ಮಾತು. ಕೆನಡಾದ ಲೇಖಕಿ ಆಲಿಸ್ ಮನ್ರೋ ಮುಖ್ಯವಾಗಿ ಸಣ್ಣಕತೆಗಳನ್ನೇ ಬರೆದು 2013ರಲ್ಲಿ ನೊಬೆಲ್ ಪಡೆದರು. ನಿಮ್ಮೊಳಗೆ ಕಾದಂಬರಿಯಿದ್ದರೆ ಅದು ತಾನಾಗಿ ಬರುತ್ತದೆ.

ನನ್ನನ್ನು ಕಾಡಿದ್ದು ಪತ್ರದ ಕೊನೆಯಲ್ಲಿ ನೀವು ಹಗುರವಾಗಿ ಸೇರಿಸಿದ ಒಂದು ಸಾಲು: ‘ಮುಂದಿನ ವಾರ ಕರಾರಿಗೆ ಸಹಿ ಹಾಕುತ್ತಿದ್ದೇನೆ, ಎಲ್ಲ ಹಕ್ಕುಗಳೂ ಶಾಶ್ವತವಾಗಿ ಪ್ರಕಾಶಕರಿಗೆ ಎಂದಿದೆ, ಅದು ಮಾಮೂಲಂತೆ.’

ಮಾಮೂಲೆಂದು ಹೇಳಿದವರು ಯಾರು? ನಿಮಗೆ ಮುನ್ನುಡಿ ಬರೆದುಕೊಟ್ಟ ಹಿರಿಯರು. ಪ್ರಕಾಶಕರು ವ್ಯಾಪಾರಸ್ಥರು, ಸಿಕ್ಕಷ್ಟೂ ಕೇಳುತ್ತಾರೆ. ಅವರ ಮೇಲೆ ನನಗೆ ಅಷ್ಟೇನೂ ಕೋಪವಿಲ್ಲ. ಆದರೆ ಇಷ್ಟು ವರ್ಷ ಈ ಲೋಕದಲ್ಲಿ ಪಳಗಿದವರೇ ‘ಮೊದಲ ಪುಸ್ತಕಕ್ಕೆ ಚೌಕಾಸಿ ಶೋಭಿಸದು’ ಎಂದು ಹೊಸಬರ ಬಾಯಿ ಕಟ್ಟಿದರೆ ಅದನ್ನು ಹೇಗೆ ಕ್ಷಮಿಸುವುದು?

ಹಕ್ಕು ಎಂಬುದು ಇಡಿಯಾಗಿ ಕೊಟ್ಟುಬಿಡುವ ವಸ್ತುವಲ್ಲ. ಮುದ್ರಣ, ಅನುವಾದ, ಆಡಿಯೋ, ಸಿನಿಮಾ, ಒಂದೊಂದನ್ನೂ ಬೇರೆಬೇರೆಯಾಗಿ, ಇಷ್ಟು ಕಾಲಕ್ಕೆ ಎಂದು ಕೊಡಬಹುದು. 1886ರ ಬರ್ನ್ ಅಂತರರಾಷ್ಟ್ರೀಯ ಒಪ್ಪಂದವನ್ನು ಒಪ್ಪಿದ ದೇಶಗಳಲ್ಲಿ ಸಾಹಿತ್ಯ ಕೃತಿಯ ಹಕ್ಕುಸ್ವಾಮ್ಯ ಲೇಖಕರು ತೀರಿಕೊಂಡ ಮೇಲೂ ಕನಿಷ್ಠ 50 ವರ್ಷ ಉಳಿಯುತ್ತದೆ. ನೀವು ಬಿಟ್ಟುಕೊಡಲು ಹೊರಟಿರುವುದು ಅಷ್ಟು ದೀರ್ಘ ಕಾಲವನ್ನು. ನಾಳೆ ಅನುವಾದಕರೊಬ್ಬರು ಆಸೆಯಿಂದ ಬಂದರೆ ನೀವು ಹೂಂ ಎನ್ನುವಂತಿಲ್ಲ. ಪ್ರತಿಗಳು ಮುಗಿದು ಪ್ರಕಾಶಕರು ಮರುಮುದ್ರಿಸದಿದ್ದರೆ ಬೇರೆಯವರಿಗೆ ಕೊಡುವಂತಿಲ್ಲ. ಮುಂದೊಮ್ಮೆ ನಿಮ್ಮ ಆಯ್ದ ಕತೆಗಳನ್ನು ತರುವಾಗ ನಿಮ್ಮದೇ ಕತೆಗೆ ಅನುಮತಿ ಬೇಡಬೇಕು. ಕರುಳು ಬಸಿದು ಬರೆದವರು ನೀವು!

ಆದ್ದರಿಂದ ಸಹಿಗೆ ಮೊದಲು ಪ್ರಕಾಶಕರಿಗೆ ಕಾಗದ ಬರೆಯಿರಿ: ಮುದ್ರಿತ ಪುಸ್ತಕದ ಹಕ್ಕು ಮಾತ್ರ, ಈ ಭಾಷೆಗೆ ಮಾತ್ರ, ಐದು ವರ್ಷಕ್ಕೆ, ಪ್ರತಿಗಳು ಮುಗಿದು ಆರು ತಿಂಗಳಲ್ಲಿ ಮರುಮುದ್ರಣವಾಗದಿದ್ದರೆ ಹಕ್ಕು ನನಗೆ ಮರಳಬೇಕು. ಒಪ್ಪಿದರೆ ಸಹಿ ಹಾಕಿ. ಒಪ್ಪದಿದ್ದರೆ ಹಸ್ತಪ್ರತಿ ಹಿಂದಕ್ಕೆ ಪಡೆಯಿರಿ. ಹಿರಿಯರು ಮುನಿಸಿಕೊಂಡು ಮುನ್ನುಡಿ ವಾಪಸು ಕೇಳಿದರೆ ಅದನ್ನೂ ಕೊಟ್ಟುಬಿಡಿ.