ವಕೀಲಮ್ಮನಿಗೆ ಕೇಳಿ: ಬಾಲ್ಕನಿಯ ಆ ಇಬ್ಬರು

ಪ್ರಶ್ನೆ: ಅಕ್ಕಾರೆ, ನಾನು ಸಿರುಗುಪ್ಪ ತಾಲ್ಲೂಕಿನವಳು. ಬಳ್ಳಾರಿಯಲ್ಲಿ ಕಾನೂನು ಓದುತ್ತಿದ್ದೇನೆ, ಇದು ಕೊನೆಯ ವರ್ಷ. ರಾತ್ರಿ ಹಾಸ್ಟೆಲ್‌ನಲ್ಲಿ ‘ಬೋಸ್ಟನ್ ಲೀಗಲ್’ ಎಂಬ ಹಳೆಯ ಇಂಗ್ಲಿಷ್ ಸೀರಿಯಲ್ ನೋಡುತ್ತೇನೆ. ಕೇಸುಗಳು, ಚುರುಕು ಮಾತು ಎಲ್ಲ ಇಷ್ಟ. ಆದರೆ ನಾನು ಕಾಯುವುದು ಅದರ ಇಬ್ಬರು ವಕೀಲರು, ಅಲನ್ ಶೋರ್, ಡೆನ್ನಿ ಕ್ರೇನ್, ಬಾಲ್ಕನಿಯಲ್ಲಿ ಇಬ್ಬರೇ ಕೂತು ಮಾತಾಡುವ ದೃಶ್ಯಕ್ಕೆ. ಅವರ ನಡುವೆ ಗೆಳೆತನಕ್ಕಿಂತ ಜಾಸ್ತಿ ಏನೋ ಇದೆ ಅನಿಸುತ್ತದೆ. ರೂಮ್‌ಮೇಟ್ ಮಾತ್ರ, ‘ಇಬ್ಬರೂ ಹೆಂಗಸರ ಹಿಂದೆ ಬೀಳೋರು, ನೀನು ಇಲ್ಲದ್ದನ್ನ ಹುಡುಕ್ತೀಯ’ ಅನ್ನುತ್ತಾಳೆ. ನಾನು ನೋಡುವ ರೀತಿ ತಪ್ಪಾ?

ಉತ್ತರ: ತಪ್ಪಲ್ಲ, ತಂಗಿ. ಐದು ಸೀಸನ್, 101 ಕಂತು. ನಾನು ಅಷ್ಟನ್ನೂ ಎರಡು ಸಲ ನೋಡಿದ್ದೇನೆ, ಎರಡು ಸಲವೂ ಆ ಬಾಲ್ಕನಿಗಾಗಿಯೇ.

ನಿನ್ನ ಗೆಳತಿಯ ಮಾತೂ ಸುಳ್ಳಲ್ಲ. ಇಬ್ಬರಿಗೂ ಹೆಂಗಸರ ಹುಚ್ಚು. ರಾಜಕೀಯದಲ್ಲಿ ಒಬ್ಬ ಬಲಕ್ಕೆ ಎಳೆದರೆ ಇನ್ನೊಬ್ಬ ಎಡಕ್ಕೆ. ಆದರೂ ದಿನದ ಕೊನೆಗೆ ಸಿಗಾರ್ ಹಚ್ಚಿ, ವಿಸ್ಕಿ ಹಿಡಿದು ಪಕ್ಕಪಕ್ಕದಲ್ಲಿ ಕೂರುತ್ತಾರೆ. ಅಲನ್‌ಗೆ ರಾತ್ರಿ ನಿದ್ದೆಯಲ್ಲಿ ಬೆಚ್ಚಿ ಬೀಳುವ ಕಾಯಿಲೆ, ಒಬ್ಬನೇ ಮಲಗಲು ಭಯ. ಅದಕ್ಕೆ ಡೆನ್ನಿ ಜೊತೆಗಿರುತ್ತಾನೆ. ಡೆನ್ನಿಗೆ ಮರೆವಿನ ಕಾಯಿಲೆ ಶುರುವಾಗಿದೆ. ಅದನ್ನು ಅವನು ‘ಮ್ಯಾಡ್ ಕೌ’ (ದನಗಳಿಗೆ ಬರುವ ಹುಚ್ಚುರೋಗ) ಎಂದು ತೇಲಿಸಿಬಿಡುತ್ತಾನೆ, ಅಲನ್ ಮುಂದೆ ಮಾತ್ರ ಅದರ ಭಯ ತೋರಿಸುತ್ತಾನೆ. ‘ನಿನ್ನನ್ನು ಪ್ರೀತಿಸುತ್ತೇನೆ’ ಎಂದು ಬಾಯಿ ಬಿಟ್ಟು ಹೇಳುತ್ತಾರೆ. ಇಷ್ಟೆಲ್ಲ ಕಣ್ಣೆದುರೇ ಇರುವಾಗ ನೀನು ಹುಡುಕಿ ತರಬೇಕಾದ್ದು ಏನಿದೆ?

ನಮ್ಮ ಬಳ್ಳಾರಿಯಲ್ಲಿ ನೋಡು. ಇಬ್ಬರು ಗಂಡಸರು ಕೈ ಕೈ ಹಿಡಿದು ಬೆಂಗಳೂರು ರೋಡಿನಲ್ಲಿ ನಡೆದರೆ ಯಾರೂ ತಿರುಗಿ ನೋಡುವುದಿಲ್ಲ. ಬೇಸಿಗೆಯಲ್ಲಿ ಮಾಳಿಗೆ ಮೇಲೆ ಒಂದೇ ಚಾಪೆಯಲ್ಲಿ ಮಲಗುತ್ತಾರೆ, ಹೆಗಲ ಮೇಲೆ ಕೈ ಹಾಕುತ್ತಾರೆ. ಅದಕ್ಕೆ ನಾವು ಏನೂ ಅನ್ನುವುದಿಲ್ಲ. ಆದರೆ ‘ನೀನಿಲ್ಲದಿದ್ದರೆ ನನಗಾಗುವುದಿಲ್ಲ’ ಅಂತ ಒಬ್ಬ ಗಂಡಸು ಇನ್ನೊಬ್ಬನಿಗೆ ಹೇಳಿದ್ದನ್ನು ಎಷ್ಟು ಸಲ ಕೇಳಿದ್ದೀಯ? ಈ ಸೀರಿಯಲ್‌ನಲ್ಲಿ ಆ ಮಾತು ಸಿಗುತ್ತದೆ. ಅದಕ್ಕೇ ನಿನಗೂ ನನಗೂ ಅದು ಇಷ್ಟು ಹಿಡಿಸಿದ್ದು ಅನಿಸುತ್ತದೆ.

ನಾನು ಜೂನಿಯರ್ ಆಗಿ ಸೇರಿದಾಗ ಇಲ್ಲಿನ ಕೋರ್ಟಿನಲ್ಲಿ ಇಬ್ಬರು ಹಿರಿಯ ವಕೀಲರಿದ್ದರು. ಎಷ್ಟೋ ಕೇಸುಗಳಲ್ಲಿ ಎದುರುಬದುರು ನಿಂತವರು. ಮಧ್ಯಾಹ್ನ ಮಾತ್ರ ಇಬ್ಬರೂ ಒಂದೇ ತಟ್ಟೆಯಲ್ಲಿ ಮಂಡಕ್ಕಿ ಒಗ್ಗರಣಿ, ಮಿರ್ಚಿ ತಿನ್ನುತ್ತಿದ್ದರು. ವಯಸ್ಸಾದ ಮೇಲೆ ಒಬ್ಬರಿಗೆ ಮರೆವು ಬಂತು. ಒಂದು ಸಂಜೆ ಅವರ ಟೇಬಲ್ ಮೇಲಿದ್ದ ಕೇಸ್ ಡೈರಿ ತೆರೆದು ನೋಡಿದೆ. ಮುಂದಿನ ವಾಯಿದೆ, ಕಕ್ಷಿದಾರರ ಹೆಸರು, ಯಾವ ಹಾಲ್, ಎಲ್ಲವೂ ಇನ್ನೊಬ್ಬರ ಅಕ್ಷರದಲ್ಲಿತ್ತು. ಅವರು ದಿನಾ ಎರಡು ಡೈರಿ ಬರೆಯುತ್ತಿದ್ದರು. ತಮ್ಮದೊಂದು, ಗೆಳೆಯನದೊಂದು. ಆ ಸಂಬಂಧಕ್ಕೆ ಏನೆನ್ನಬೇಕು ಅಂತ ನನಗೆ ಆಗ ಗೊತ್ತಾಗಲಿಲ್ಲ. ಡೆನ್ನಿಯ ಪಕ್ಕ ಅಲನ್ ಕೂತಿದ್ದನ್ನು ಮೊದಲ ಸಲ ನೋಡಿದಾಗ ನೆನಪಾದದ್ದು ಆ ಡೈರಿಯೇ.

ಮುಂದಿನದು ಕಥೆಯ ಕೊನೆ. ನೀನು ಅಲ್ಲಿಯವರೆಗೆ ನೋಡಿಲ್ಲದಿದ್ದರೆ ಈ ಭಾಗ ಬಿಟ್ಟುಬಿಡು. 2008ರ ಡಿಸೆಂಬರ್‌ನಲ್ಲಿ ಬಂದ ಕೊನೆಯ ಕಂತಿನಲ್ಲಿ ಇಬ್ಬರೂ ಮದುವೆಯಾಗುತ್ತಾರೆ. ಬೋಸ್ಟನ್ ಇರುವ ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದಲ್ಲಿ 2004ರ ಮೇ ತಿಂಗಳಿಂದಲೇ ಅಂಥ ಮದುವೆಗೆ ಕಾನೂನಿನ ಒಪ್ಪಿಗೆ ಇತ್ತು. ಸೀರಿಯಲ್ ಶುರುವಾದದ್ದು ಅದೇ ವರ್ಷದ ಅಕ್ಟೋಬರ್‌ನಲ್ಲಿ. ಡೆನ್ನಿ ಕೊಡುವ ಕಾರಣ, ತನ್ನ ಆಸ್ತಿ, ತನ್ನ ಚಿಕಿತ್ಸೆಯ ತೀರ್ಮಾನಗಳು ಅಲನ್ ಕೈಯಲ್ಲಿರಲಿ ಎಂಬುದು. ಅದಕ್ಕೆ ‘ಆಸ್ತಿಗಾಗಿ ಆದ ಮದುವೆ, ಅದರಲ್ಲೇನು ಪ್ರೀತಿ’ ಅನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ. ಮೂವತ್ತು ವರ್ಷ ಸಿವಿಲ್ ಕೇಸು ನಡೆಸಿದವಳು ನಾನು. ನಮ್ಮಲ್ಲಿ ಗೆಳೆಯನಿಗೆ ಉಯಿಲು ಬರೆಯಬಹುದು, ಆದರೆ ಅದು ಸತ್ತ ಮೇಲಿನ ಮಾತು. ಬದುಕಿರುವಾಗ ಜಿಪಿಎ, ಅಂದರೆ ತನ್ನ ಪರವಾಗಿ ವ್ಯವಹಾರ ಮಾಡುವ ಅಧಿಕಾರಪತ್ರ, ಕೊಡಬಹುದು. ಕೊಟ್ಟವನ ಬುದ್ಧಿ ಸ್ಥಿಮಿತ ತಪ್ಪಿದರೆ, 1872ರ ಕರಾರು ಕಾಯ್ದೆಯ 201ನೇ ಕಲಮಿನ ಪ್ರಕಾರ, ಆ ಜಿಪಿಎ ಅಲ್ಲಿಗೇ ಮುಗಿಯಿತು. ಬೇಕಾದ ಹೊತ್ತಿಗೇ ಆ ಕಾಗದ ಕೈಕೊಡುತ್ತದೆ. ತನ್ನ ನೆನಪು ಹೋದ ಮೇಲೂ ನಿಲ್ಲುವಂಥ ಒಂದು ಗಂಟನ್ನು ಡೆನ್ನಿ ಕೇಳುತ್ತಿದ್ದಾನೆ. ‘ನಾನು ನಾನಾಗಿ ಉಳಿಯದ ದಿನ ನನ್ನ ಕೈ ನಿನ್ನ ಕೈಯಲ್ಲಿರಲಿ’ ಎಂದಂತೆ ಅದು. ನಾನು ನೋಡಿದ ಎಷ್ಟೋ ಮದುವೆಗಳಲ್ಲಿ ಇಷ್ಟು ನಂಬಿಕೆ ಇರಲಿಲ್ಲ.

ನಮ್ಮ ದೇಶದಲ್ಲಿ ಇಬ್ಬರು ಗಂಡಸರ ಪ್ರೀತಿ ಅಪರಾಧವಲ್ಲ ಎಂದು ಸುಪ್ರೀಂ ಕೋರ್ಟ್ 2018ರ ಸೆಪ್ಟೆಂಬರ್ 6ರಂದು ಹೇಳಿತು. ಮದುವೆಯ ಹಕ್ಕನ್ನು 2023ರ ಅಕ್ಟೋಬರ್‌ನಲ್ಲಿ ಕೊಡಲಿಲ್ಲ. ನೀನು ನಾಳೆ ಕರಿಕೋಟು ಹಾಕುವವಳು. ಎರಡೂ ತೀರ್ಪು ಪೂರ್ತಿ ಓದು, ಸಾರಾಂಶ ಸಾಲದು.

ಕೊನೆಯ ದೃಶ್ಯದಲ್ಲಿ ಅವರಿಬ್ಬರು ಅದೇ ಬಾಲ್ಕನಿಯಲ್ಲಿ ನಿಧಾನವಾಗಿ ಕುಣಿಯುತ್ತಾರೆ. ಗೆಳತಿಯನ್ನೂ ಪಕ್ಕದಲ್ಲಿ ಕೂರಿಸಿಕೊಂಡು ನೋಡು.

ಪ್ರಶ್ನೆ: ಮೇಡಂ, ಅದೇ ಸೀರಿಯಲ್ ನೋಡಿ ಕೇಳುತ್ತಿದ್ದೇನೆ. ನಮ್ಮ ಕೋರ್ಟುಗಳಲ್ಲಿ ಅಲನ್ ಶೋರ್ ತರಹ ಯಾರೂ ಯಾಕೆ ವಾದ ಮಾಡುವುದಿಲ್ಲ? (ಓದುಗರು, ಹೊಸಪೇಟೆ)

ಉತ್ತರ: ಅವನು ಮಾತಾಡುವುದು ಹೆಚ್ಚಾಗಿ ಜ್ಯೂರಿ ಎದುರು. ಎದುರಿಗೆ ಕೂತು ತೀರ್ಮಾನ ಹೇಳುವವರು ಸಾಮಾನ್ಯ ಜನ, ಅವರ ಮನಸ್ಸು ಕರಗಬೇಕು. ನಮ್ಮಲ್ಲಿ ಜ್ಯೂರಿ ಇಲ್ಲ. 1959ರ ನಾನಾವತಿ ಕೊಲೆ ಪ್ರಕರಣದಲ್ಲಿ ಜ್ಯೂರಿ ಕೊಟ್ಟ ‘ನಿರ್ದೋಷಿ’ ಎಂಬ ತೀರ್ಮಾನವನ್ನು ಬಾಂಬೆ ಹೈಕೋರ್ಟ್ ಒಪ್ಪಲಿಲ್ಲ. ಆಮೇಲೆ ಆ ಪದ್ಧತಿಯೇ ನಿಂತುಹೋಯಿತು. ನಾವು ವಾದ ಮಾಡುವುದು ನ್ಯಾಯಾಧೀಶರ ಮುಂದೆ. ಅವರಿಗೆ ಬೇಕಾದದ್ದು ದಾಖಲೆ, ಸಾಕ್ಷಿ, ಹಿಂದಿನ ತೀರ್ಪು.

ಹಾಗಂತ ವಕೀಲರಿಗೆ ನಾಟಕ ಬರುವುದಿಲ್ಲ ಅಂತ ತಿಳಿಯಬೇಡಿ. ಧರ್ಮವರಂ ರಾಮಕೃಷ್ಣಮಾಚಾರ್ಯರು, ಕೋಲಾಚಲಂ ಶ್ರೀನಿವಾಸರಾಯರು, ಬಳ್ಳಾರಿ ರಾಘವರು ಮೂವರೂ ನಮ್ಮ ಬಳ್ಳಾರಿಯಲ್ಲೇ ವಕೀಲರಾಗಿದ್ದವರು, ಮೂವರೂ ರಂಗಭೂಮಿಯವರು. ಗಂಡಸರೇ ಸೀರೆ ಉಟ್ಟು ನಾಯಕಿಯಾಗುತ್ತಿದ್ದ ಕಾಲ ಅದು. ಪ್ರೇಮದ ದೃಶ್ಯದಲ್ಲಿ ರಂಗದ ಮೇಲೆ ಇರುತ್ತಿದ್ದವರು ಇಬ್ಬರು ಗಂಡಸರೇ, ಜನ ಕಣ್ಣಲ್ಲಿ ನೀರು ತಂದುಕೊಂಡು ನೋಡುತ್ತಿದ್ದರು. ಸಿರುಗುಪ್ಪದ ತಂಗಿಯ ರೂಮ್‌ಮೇಟ್‌ಗೂ ಈ ಸಂಗತಿ ಗೊತ್ತಾಗಲಿ.