ಮೆಲ್ಬರ್ನ್‌ನಲ್ಲಿ ಮಾರ್ಕೆಟಿಂಗ್ ಓದಲು ಹೊರಟಿರುವ ಗೋಣಿಕೊಪ್ಪದ ತಂಗಿಗೆ

ನಮಸ್ಕಾರ. ವಾಣಿಜ್ಯ ವಿಭಾಗದಲ್ಲಿ ಪಿಯುಸಿ ಮುಗಿಸಿರುವ ನಿಮಗೆ ಇಲ್ಲಿನ ವಿಶ್ವವಿದ್ಯಾಲಯವೊಂದರಿಂದ ಮಾರ್ಕೆಟಿಂಗ್ ಪದವಿಗೆ ಪ್ರವೇಶಪತ್ರ ಬಂದಿದೆ ಎಂದೂ, ಮಡಿಕೇರಿಯಲ್ಲೇ ಬಿಬಿಎ ಮಾಡಿದರೆ ಸಾಲದೇ ಎಂದು ಮನೆಯ ಹಿರಿಯರು ಕೇಳುತ್ತಿದ್ದಾರೆಂದೂ ಬರೆದಿದ್ದೀರಿ. ಹೆಚ್ಚು ಮಾತನಾಡದ ಸ್ವಭಾವದವರಿಗೆ ಈ ಓದು ಒಗ್ಗುತ್ತದೆಯೇ, ಅರೆಕಾಲಿಕ ಕೆಲಸ ಮಾಡಿ ಶುಲ್ಕ ಕಟ್ಟಬಹುದೇ, ಪದವಿಯ ನಂತರ ಇಲ್ಲಿ ಉದ್ಯೋಗ ಸಿಗುತ್ತದೆಯೇ ಎಂಬುದು ನಿಮ್ಮ ಪ್ರಶ್ನೆ. ನಾನು ಸೋಮವಾರಪೇಟೆ ಕಡೆಯವನು. ಇಲ್ಲಿ ಆಹಾರ ಪದಾರ್ಥಗಳ ಕಂಪನಿಯೊಂದರ ಮಾರ್ಕೆಟಿಂಗ್ ವಿಭಾಗದಲ್ಲಿದ್ದು, ಹೊಸ ಪದವೀಧರರ ಸಂದರ್ಶನಗಳಲ್ಲಿ ಕೂರುವ ಹೊಣೆಯೂ ನನ್ನ ಮೇಲಿರುವುದರಿಂದ ಕಂಡದ್ದನ್ನು ಕಂಡಂತೆ ಬರೆಯುತ್ತಿದ್ದೇನೆ.

ಮಾತಿನ ಭಯವನ್ನು ಮೊದಲು ಬಿಡಿ. ಮಾರ್ಕೆಟಿಂಗ್ ಎಂದರೆ ಮಾತಿನಿಂದ ಗಿರಾಕಿಯನ್ನು ಒಲಿಸುವ ವಿದ್ಯೆ ಎಂದು ನಮ್ಮ ಕಡೆ ಅನೇಕರು ತಿಳಿದಿದ್ದಾರೆ. ಇಲ್ಲಿ ಅದು ಸಾಮಾನ್ಯವಾಗಿ ಬಿಸಿನೆಸ್ ಅಥವಾ ಕಾಮರ್ಸ್ ಪದವಿಯೊಳಗೆ ಆರಿಸಿಕೊಳ್ಳುವ ಮುಖ್ಯ ವಿಷಯ. 3 ವರ್ಷಗಳಲ್ಲಿ, ಸೆಮಿಸ್ಟರಿಗೆ 4ರಂತೆ, 24 ವಿಷಯಗಳನ್ನು ಓದಬೇಕಾಗುತ್ತದೆ. ಮೊದಲ ವರ್ಷದ ಬಹುಪಾಲು ಲೆಕ್ಕಶಾಸ್ತ್ರ, ಅರ್ಥಶಾಸ್ತ್ರ ಮತ್ತು ಸಂಖ್ಯಾಶಾಸ್ತ್ರಕ್ಕೇ ಹೋಗುತ್ತದೆ. ಸರಕು, ಬೆಲೆ, ಮಾರಾಟದ ಸ್ಥಳ, ಪ್ರಚಾರ ಎಂದು 1960ರಲ್ಲಿ ಜೆರೋಮ್ ಮೆಕಾರ್ಥಿ ವಿಂಗಡಿಸಿದ ನಾಲ್ಕು ಅಂಶಗಳನ್ನು ಆರಂಭದ ವಾರಗಳಲ್ಲೇ ಕಲಿಸಿಬಿಡುತ್ತಾರೆ. ನಿಜವಾದ ಶ್ರಮವಿರುವುದು ಗ್ರಾಹಕರ ವರ್ತನೆ ಮತ್ತು ಮಾರುಕಟ್ಟೆ ಸಂಶೋಧನೆ ಎಂಬ ವಿಷಯಗಳಲ್ಲಿ.

ಒಂದು ಉದಾಹರಣೆ ಕೊಡುತ್ತೇನೆ. ಸಮೀಕ್ಷೆಯ ಪ್ರಶ್ನಾವಳಿ ಬರೆಯಲು ಹೇಳಿದಾಗ ಹೊಸ ವಿದ್ಯಾರ್ಥಿಗಳು 'ನಿಮಗೆ ಉತ್ತಮ ಗುಣಮಟ್ಟದ ಕಾಫಿ ಇಷ್ಟವೇ' ಎಂದು ಬರೆಯುತ್ತಾರೆ. ಇಲ್ಲವೆನ್ನುವವರು ಯಾರು? ಎಲ್ಲರೂ ಹೌದೆನ್ನುವ ಪ್ರಶ್ನೆಯಿಂದ ಏನೂ ತಿಳಿಯುವುದಿಲ್ಲ. ಅದರ ಬದಲು ಕೊನೆಯ ಬಾರಿ ಕಾಫಿ ಪುಡಿಯನ್ನು ಎಲ್ಲಿ ಕೊಂಡಿರಿ, ಎಷ್ಟು ಕೊಟ್ಟಿರಿ, ಪೊಟ್ಟಣದ ಮೇಲೆ ಏನನ್ನು ಓದಿದಿರಿ ಎಂದು ಕೇಳಿದರೆ ಮನುಷ್ಯರು ಹೇಳುವುದಕ್ಕೂ ಮಾಡುವುದಕ್ಕೂ ಇರುವ ಅಂತರ ಅಂಕಿಗಳಲ್ಲೇ ಕಾಣುತ್ತದೆ. ಇಂಥ ಪ್ರಶ್ನೆಯನ್ನು ರೂಪಿಸಲು, ಬಂದ ಉತ್ತರಗಳನ್ನು ಎಕ್ಸೆಲ್‌ನಲ್ಲಿ ಹಾಕಿ ಅರ್ಥ ಬಿಡಿಸಲು, ಅದರಿಂದ ಹೊರಟ ತೀರ್ಮಾನವನ್ನು ಎರಡು ಪುಟಗಳಲ್ಲಿ ತಿಳಿಯಾಗಿ ಬರೆಯಲು ಬೇಕಾದದ್ದು ತಾಳ್ಮೆ. ಸುಮ್ಮನೆ ಕುಳಿತು ಜನರನ್ನು ಗಮನಿಸುವವರಿಗೆ ಈ ಕೆಲಸ ಚೆನ್ನಾಗಿ ಒಲಿಯುವುದನ್ನು ನಾನು ನೋಡಿದ್ದೇನೆ.

ಕಾಫಿಯ ಮಾತನ್ನು ಇಲ್ಲಿಗೇ ಬಿಡಲು ಮನಸ್ಸಾಗದು. ನಿಮ್ಮ ಅಜ್ಜನವರ ಕಾಲದಲ್ಲಿ ಬೆಳೆಗಾರರು ಫಸಲನ್ನು ಕಾಫಿ ಮಂಡಳಿಯ ಪೂಲ್‌ಗೆ, ಅಂದರೆ ಎಲ್ಲರ ಫಸಲನ್ನೂ ಒಟ್ಟುಗೂಡಿಸಿ ಮಾರುವ ವ್ಯವಸ್ಥೆಗೆ, ಒಪ್ಪಿಸುತ್ತಿದ್ದರು. ಮಾರುವ ಚಿಂತೆ ಮಂಡಳಿಯದಾಗಿತ್ತು. 1996ರ ಹೊತ್ತಿಗೆ ಎಲ್ಲ ಬೆಳೆಗಾರರಿಗೂ ಮುಕ್ತವಾಗಿ ಮಾರುವ ಅವಕಾಶ ಬಂದರೂ ನಮ್ಮ ಚೆರ್ರಿ (ಸಿಪ್ಪೆಸಹಿತ ಒಣಗಿಸಿದ ಕಾಫಿ ಹಣ್ಣು) ಚೀಲ ಊರಿನ ವ್ಯಾಪಾರಿಯ ಗೋದಾಮಿಗೆ ಹೋದಲ್ಲಿಗೆ ನಮ್ಮ ಸಂಬಂಧ ಬಹುಮಟ್ಟಿಗೆ ಮುಗಿಯುತ್ತದೆ, ದರವನ್ನು ರೋಬಸ್ಟಾ ಎಂಬ ಜಾತಿಯ ಕಾಫಿಯ ಲಂಡನ್ ಮಾರುಕಟ್ಟೆ ತೀರ್ಮಾನಿಸುತ್ತದೆ. ಮೆಲ್ಬರ್ನ್‌ನ ಕಾಫಿ ಅಂಗಡಿಗಳಲ್ಲಿ 250 ಗ್ರಾಂ ಪೊಟ್ಟಣದ ಮೇಲೆ ಬೆಳೆದ ಊರು, ತೋಟದ ಎತ್ತರ, ಸಂಸ್ಕರಣೆಯ ವಿಧಾನ, ರುಚಿಯ ವಿವರ ಇವೆಲ್ಲ ಅಚ್ಚಾಗಿರುತ್ತವೆ. ಆದರೆ ನಮ್ಮ ರೋಬಸ್ಟಾ ಹೆಚ್ಚಾಗಿ ಎಸ್ಪ್ರೆಸೊ ಮಿಶ್ರಣಗಳಲ್ಲಿ ಹೆಸರಿಲ್ಲದೆ ಬೆರೆತುಹೋಗುತ್ತದೆ. ಕೊಡಗಿನ ಇನ್ನೊಂದು ಜಾತಿಯ ಕಾಫಿಯಾದ ಅರೇಬಿಕಾಕ್ಕೆ 2019ರಲ್ಲಿ ಭೌಗೋಳಿಕ ಸೂಚಕದ, ಅಂದರೆ ಬೆಳೆದ ಪ್ರದೇಶದ ಹೆಸರಿಗೆ ಸಿಗುವ ಕಾನೂನಿನ ರಕ್ಷಣೆಯ, ಮಾನ್ಯತೆ ದೊರೆಯಿತು. ಆ ಮಾನ್ಯತೆಯನ್ನು ಕೊಳ್ಳುವವನಿಗೆ ಅರ್ಥವಾಗುವ ಹೆಸರನ್ನಾಗಿ ಮಾಡಲು ಯಾವ ಗ್ರಾಹಕ, ಯಾವ ಬೆಲೆ, ಯಾವ ಅಂಗಡಿ ಎಂದು ಕಂಡುಕೊಳ್ಳಬೇಕು. ಕಣದಲ್ಲಿ ಕಾಫಿ ಒಣಗುವುದನ್ನು ನೋಡುತ್ತ ಬೆಳೆದ ನೀವು ಸಂಶೋಧನಾ ಯೋಜನೆಗೆ ಇದನ್ನೇ ಆರಿಸಿಕೊಳ್ಳಬೇಕೆಂದು ನನಗೆ ಬಹಳ ಆಸೆಯಿದೆ.

ಇನ್ನು ಹಣದ ವಿಷಯ. ದುಡಿದು ಶುಲ್ಕ ಕಟ್ಟಬಹುದೆಂಬ ಲೆಕ್ಕದ ಮೇಲೆ ದಯವಿಟ್ಟು ಹೊರಡಬೇಡಿ. ತರಗತಿಗಳು ನಡೆಯುವ ಕಾಲದಲ್ಲಿ ವಿದ್ಯಾರ್ಥಿ ವೀಸಾದವರು ಎರಡು ವಾರಕ್ಕೆ 48 ಗಂಟೆ ಮಾತ್ರ ದುಡಿಯಬಹುದು. ರಾಷ್ಟ್ರೀಯ ಕನಿಷ್ಠ ವೇತನ 2025ರ ಜುಲೈಯಿಂದ ಗಂಟೆಗೆ 24.95 ಆಸ್ಟ್ರೇಲಿಯನ್ ಡಾಲರ್ ಆಗಿದ್ದರೂ 21 ತುಂಬದವರಿಗೆ ಅನೇಕ ಕೆಲಸಗಳಲ್ಲಿ ಇದಕ್ಕಿಂತ ಕಡಿಮೆ ದರವಿದೆ, ನಿಮ್ಮ ವಯಸ್ಸಿಗೆ ಅದೇ ಅನ್ವಯಿಸುವ ಸಾಧ್ಯತೆ ಹೆಚ್ಚು. ಆ ಸಂಬಳ ಊಟಕ್ಕೂ ಬಾಡಿಗೆಯ ಒಂದು ಪಾಲಿಗೂ ಆದೀತು. ಮೆಲ್ಬರ್ನ್‌ನ ದೊಡ್ಡ ವಿಶ್ವವಿದ್ಯಾಲಯಗಳಲ್ಲಿ ವಿದೇಶಿ ವಿದ್ಯಾರ್ಥಿಗಳ ವಾರ್ಷಿಕ ಶುಲ್ಕ 30 ಸಾವಿರ ಡಾಲರಿಗಿಂತ ಕಡಿಮೆಯಿರುವುದು ಅಪರೂಪ. ಇದಲ್ಲದೆ ಒಂದು ವರ್ಷದ ಜೀವನವೆಚ್ಚಕ್ಕೆಂದು 29,710 ಡಾಲರ್ ಇದೆಯೆಂದು ತೋರಿಸಬೇಕೆಂಬ ನಿಯಮ 2024ರ ಮೇ ತಿಂಗಳಲ್ಲಿ ಜಾರಿಗೆ ಬಂದಿದೆ. ಅದೇ ವರ್ಷ ರೋಬಸ್ಟಾ ಚೆರ್ರಿಯ ದರ 50 ಕಿಲೋ ಚೀಲಕ್ಕೆ 10 ಸಾವಿರ ರೂಪಾಯಿ ದಾಟಿತೆಂಬ ಧೈರ್ಯದಲ್ಲಿ ಮೂರು ವರ್ಷಗಳ ಖರ್ಚನ್ನು ತೋಟದ ಮೇಲೆ ಹಾಕುವುದು ಸರಿಯಲ್ಲ. ಏರಿದ ದರ ಇಳಿದದ್ದನ್ನು ನಿಮ್ಮ ತಂದೆಯವರು ನನಗಿಂತ ಚೆನ್ನಾಗಿ ಬಲ್ಲರು. ಜಮ್ಮಾ ಜಾಗದ (ಕೊಡಗಿನ ವಂಶಪಾರಂಪರ್ಯ ಭೂಮಿ) ಪಹಣಿಯಲ್ಲಿ ಒಕ್ಕದ, ಅಂದರೆ ಮನೆತನದ, ಹಲವರ ಹೆಸರುಗಳಿದ್ದರೆ ಬ್ಯಾಂಕ್ ಸಾಲದ ಕಾಗದಪತ್ರಗಳಿಗೇ ತಿಂಗಳುಗಳು ಹಿಡಿಯುತ್ತವೆ.

ಉದ್ಯೋಗ ಸಿಗುತ್ತದೆ, ಆದರೆ ಪದವಿಯ ಹೆಸರಿಗೆ ಸಿಗುವುದಿಲ್ಲ. ಪದವಿಯ ನಂತರ ಸಾಮಾನ್ಯವಾಗಿ 2 ವರ್ಷ ಇಲ್ಲಿದ್ದು ದುಡಿಯುವ ತಾತ್ಕಾಲಿಕ ವೀಸಾ ಪಡೆಯಬಹುದು. ಆ ಅವಧಿಯಲ್ಲಿ ಕೆಲಸ ಕೊಡುವವರು ಮೊದಲು ಕೇಳುವುದು ಇಲ್ಲಿ ಏನು ಮಾಡಿದ್ದೀರಿ ಎಂದು. ಆದ್ದರಿಂದ ಪಠ್ಯಕ್ರಮದೊಳಗೆ ಇಂಟರ್ನ್‌ಶಿಪ್ ಅಥವಾ ನಿಜವಾದ ಕಂಪನಿಯೊಂದಕ್ಕಾಗಿ ಮಾಡುವ ಯೋಜನೆ ಇದೆಯೇ, ವಿದೇಶಿ ವಿದ್ಯಾರ್ಥಿಗಳಿಗೂ ಅದು ತೆರೆದಿದೆಯೇ ಎಂಬುದನ್ನು ವಿಶ್ವವಿದ್ಯಾಲಯದಿಂದ ಬರವಣಿಗೆಯಲ್ಲೇ ಕೇಳಿ ಪಡೆಯಿರಿ. ಶುಲ್ಕ ಪ್ರತಿವರ್ಷ ಏರುವುದರಿಂದ ಮೂರೂ ವರ್ಷಗಳ ಅಂದಾಜನ್ನೂ ಕೇಳಿರಿ. ಇವೆರಡಕ್ಕೂ ತೃಪ್ತಿಕರ ಉತ್ತರ ಬಾರದಿದ್ದರೆ, ಊರಿನಲ್ಲೇ ಬಿಬಿಎ ಮುಗಿಸಿ ಸ್ನಾತಕೋತ್ತರ ಪದವಿಗೆ ಇಲ್ಲಿಗೆ ಬರುವುದು ಮೇಲೆಂದು ಹಿರಿಯರು ಹೇಳಿದರೆ ಆ ಮಾತಿನಲ್ಲಿ ಹುರುಳಿದೆ.

ಉತ್ತರ ಚೆನ್ನಾಗಿದ್ದರೆ ಧೈರ್ಯವಾಗಿ ಬನ್ನಿ. ಇಲ್ಲಿ ಸೆಮಿಸ್ಟರ್ ಆರಂಭವಾಗುವುದು ಫೆಬ್ರವರಿ ಕೊನೆ ಅಥವಾ ಮಾರ್ಚ್ ಮೊದಲಿಗೆ, ಮತ್ತೆ ಜುಲೈಯಲ್ಲಿ. ಫೆಬ್ರವರಿಯೆಂದರೆ ಮನೆಯಲ್ಲಿ ರೋಬಸ್ಟಾ ಕೊಯ್ಲಿನ ನಡುವೆ ಯಾರಿಗೂ ಬಿಡುವಿಲ್ಲದ, ಫಸಲಿನ ಹಣ ಇನ್ನೂ ಕೈಗೆ ಬಾರದ ಕಾಲ. ಸಾಲದ ಕಾಗದಪತ್ರಗಳಿಗೂ ಸಮಯ ಸಿಗುವಂತೆ ಜುಲೈ ಪ್ರವೇಶಕ್ಕೆ ಬದಲಾಯಿಸಿಕೊಡಲು ಸಾಧ್ಯವೇ ಎಂದು ಈ ವಾರವೇ ವಿಶ್ವವಿದ್ಯಾಲಯಕ್ಕೆ ಬರೆದು ಕೇಳಿರಿ.