ಕವಡೆ, ಕೊಳಗ, ದೀಪ: ಓದುಗರು ಕೇಳಿದ್ದು

ಪ್ರಶ್ನೆ: ಚೌಕಾಬಾರದಲ್ಲಿ ನನಗೆ ಬರೀ ಎರಡೇ ಬೀಳುತ್ತೆ. ನಾನು ಹಾಕೋದು ಸರಿ ಇಲ್ಲ ಅಂತಾಳೆ ಅಕ್ಕ. ಹೌದಾ?
(ಆರನೇ ಕ್ಲಾಸಿನ ಹುಡುಗ, ಹೊಸನಗರ)

ಇಲ್ಲ ಪುಟ್ಟಾ, ನಿನ್ನ ಕೈಯಲ್ಲಿ ಏನೂ ತಪ್ಪಿಲ್ಲ. ಕವಡೆ ಇಲ್ಲದಿದ್ದರೆ ನಾವು ಹುಣಸೆ ಬೀಜ ತಗೊಳ್ಳುತ್ತಿದ್ದೆವು. ಅದರ ಒಂದು ಮಗ್ಗುಲನ್ನು ಕಲ್ಲಿಗೆ ಉಜ್ಜಿ ಉಜ್ಜಿ ಬಿಳಿ ಮಾಡಬೇಕು, ಬೆರಳ ತುದಿ ಬಿಸಿಯಾಗುವಷ್ಟು. ಹಾಗೆ ಮಾಡಿದ ನಾಲ್ಕು ಬೀಜ ಎಸೆದರೆ ಅವು ಬೀಳುವ ಬಗೆ ಒಟ್ಟು 16. ಅದರಲ್ಲಿ ಎರಡು ಬಿಳಿ, ಎರಡು ಕಪ್ಪು ಆಗುವ ಬಗೆಯೇ 6. ಒಂದು ಬೀಳೋಕೆ 4, ಮೂರು ಬೀಳೋಕೂ 4. ನಾಲ್ಕೂ ಬಿಳಿಯಾದರೆ ಚೌಕ, ನಾಲ್ಕೂ ಕಪ್ಪಾದರೆ ಬಾರ, ಅಂದರೆ ಎಂಟು. ಈ ಎರಡಕ್ಕೂ ಒಂದೊಂದೇ ದಾರಿ. ಅದಕ್ಕೇ ಅಲ್ವಾ ಅವು ಬಿದ್ದಾಗ ಇನ್ನೊಂದು ಸಲ ಹಾಕಲು ಸಿಗೋದು! ಅಕ್ಕನನ್ನು ಪಕ್ಕ ಕೂರಿಸಿಕೊಂಡು ನೂರು ಸಲ ಹಾಕಿ, ಗೀಟು ಎಳೆದು ಲೆಕ್ಕ ಇಡು. ಅವಳಿಗೂ ಎರಡೇ ಜಾಸ್ತಿ ಬೀಳುತ್ತೆ ನೋಡು.

ಪ್ರಶ್ನೆ: ಕುವೆಂಪು ಅವರಿಗೆ ಜ್ಞಾನಪೀಠ ಬಂದದ್ದು ‘ಮಲೆಗಳಲ್ಲಿ ಮದುಮಗಳು’ ಕಾದಂಬರಿಗೆ ಅಲ್ವಾ?
(ಗೃಹಿಣಿ, ತೀರ್ಥಹಳ್ಳಿ)

ಅಲ್ಲ, ‘ಶ್ರೀ ರಾಮಾಯಣ ದರ್ಶನಂ’ ಮಹಾಕಾವ್ಯಕ್ಕೆ. ಅದು 1967ರ ಪ್ರಶಸ್ತಿ, ಕಾದಂಬರಿ ಹೊರಬಂದದ್ದೂ 1967ರಲ್ಲೇ. ಅದಕ್ಕೇ ಈ ಗೊಂದಲ. ಆ ಸಲದ ಪ್ರಶಸ್ತಿಯನ್ನು ಗುಜರಾತಿ ಕವಿ ಉಮಾಶಂಕರ ಜೋಶಿ ಅವರ ಜೊತೆ ಹಂಚಿಕೊಂಡರು.

ಪ್ರಶ್ನೆ: ಕಾಗೋಡು ಸತ್ಯಾಗ್ರಹ ಕೊಳಗದ ಜಗಳದಿಂದ ಹುಟ್ಟಿತು ಅಂತಾರೆ. ಒಂದು ಅಳತೆ ಪಾತ್ರೆಗೋಸ್ಕರ ಜನ ಜೈಲಿಗೆ ಹೋದರೇ?
(ಕಾಲೇಜು ವಿದ್ಯಾರ್ಥಿನಿ, ಶಿವಮೊಗ್ಗ)

ಹೋದರಮ್ಮ. ನಮ್ಮ ಅಟ್ಟದ ಮೇಲೆ ಇವತ್ತಿಗೂ ಒಂದು ಕೊಳಗ ಇದೆ. ಬಾಯಿಗೆ ಕಬ್ಬಿಣದ ಪಟ್ಟಿ, ಒಳಗಡೆ ಭತ್ತ ಉಜ್ಜಿ ಉಜ್ಜಿ ಗಾಜಿನಷ್ಟು ನುಣುಪು. ನಮ್ಮಜ್ಜ ಗೇಣಿ ಮಾಡುತ್ತಿದ್ದವರು, ಅಂದರೆ ಒಡೆಯರ ಗದ್ದೆ ಉತ್ತು ಅದಕ್ಕೆ ಭತ್ತ ಅಳೆದು ಕೊಡುತ್ತಿದ್ದವರು. ಕೊಳಗದ ಬಾಯಿಯನ್ನು ಕೋಲಿನಿಂದ ಸವರಿ ಅಳೆದರೆ ಒಂದು ಲೆಕ್ಕ. ಮೇಲೆ ಗೋಪುರ ಎದ್ದು ಸುತ್ತ ಉದುರುವಷ್ಟು ತುಂಬಿದರೆ ಇನ್ನೊಂದು ಲೆಕ್ಕ. ಮೊದಲನೇ ಕೊಳಗಕ್ಕೆ ‘ಒಂದು’ ಅನ್ನೋ ಹಾಗಿಲ್ಲ, ‘ಲಾಭ’ ಅನ್ನಬೇಕು. ಒಡೆಯರ ಅಂಗಳದಲ್ಲಿ ಅಜ್ಜ ತಾವು ಬೆಳೆದ ಭತ್ತವನ್ನೇ ‘ಲಾಭ, ಎರಡು, ಮೂರು’ ಅಂತ ಅಳೆದು ಕೊಟ್ಟು ಬರುತ್ತಿದ್ದರು. ಆ ಮಾತು ಹೇಳುವಾಗ ಅವರ ದನಿ ಬದಲಾಗುತ್ತಿತ್ತು.

ಸಾಗರ ತಾಲ್ಲೂಕಿನ ಕಾಗೋಡಿನಲ್ಲೂ ಜಗಳ ಇದೇ. ಗೇಣಿ ವಸೂಲಿಗೆ ಬರುವ ಕೊಳಗ ವಾಡಿಕೆಯ ಕೊಳಗಕ್ಕಿಂತ ದೊಡ್ಡದು ಅಂತ ಗೇಣಿದಾರರು ತಿರುಗಿ ನಿಂತರು. ಅವರಲ್ಲಿ ಹೆಚ್ಚಿನವರು ದೀವರ ಸಮುದಾಯದವರು. ಕೊಳಗ ಒಂದು ಹಿಡಿ ದೊಡ್ಡದಾದರೂ ನೂರು ಕೊಳಗಕ್ಕೆ ನೂರು ಹಿಡಿ ಹೋಯಿತಲ್ಲ, ಅದು ಮಳೆಗಾಲದಲ್ಲಿ ಮನೆಮಂದಿಯ ಗಂಜಿ. ಅವರನ್ನು ಒಗ್ಗೂಡಿಸಿದವರು ಎಚ್. ಗಣಪತಿಯಪ್ಪ. ಸಮಾಜವಾದಿ ಪಕ್ಷ ಜೊತೆಗೆ ನಿಂತಿತು, ಮುಂದೆ ನಡೆದವರು ಶಾಂತವೇರಿ ಗೋಪಾಲಗೌಡರು. 1951ರ ಏಪ್ರಿಲ್‌ನಲ್ಲಿ ಸತ್ಯಾಗ್ರಹ ಶುರುವಾಯಿತು. ಉಳಬೇಡಿ ಅಂದ ಗದ್ದೆಗೇ ಇಳಿದು ಉತ್ತರು, ಬಂಧನಕ್ಕೆ ಒಳಗಾದರು. ಜೂನ್‌ನಲ್ಲಿ ಸಮಾಜವಾದಿ ನಾಯಕ ರಾಮಮನೋಹರ ಲೋಹಿಯಾ ಬಂದರು, ಅವರನ್ನೂ ಹಿಡಿದರು. ಮರುವರ್ಷ, 1952ರ ಚುನಾವಣೆಯಲ್ಲಿ, ಇದೇ ಸಾಗರ ಹೊಸನಗರದ ಜನ ಗೋಪಾಲಗೌಡರನ್ನು ಗೆಲ್ಲಿಸಿ ವಿಧಾನಸಭೆಗೆ ಕಳಿಸಿದರು.

ಭೂಮಿ ಮಾತ್ರ ಅಷ್ಟು ಬೇಗ ಸಿಗಲಿಲ್ಲ. ದೇವರಾಜ ಅರಸು ಅವರ ಕಾಲದ ಭೂಸುಧಾರಣೆ ತಿದ್ದುಪಡಿ ಜಾರಿಗೆ ಬಂದದ್ದು 1974ರ ಮಾರ್ಚ್ 1ಕ್ಕೆ. 1972ರಲ್ಲೇ ತೀರಿಕೊಂಡ ಗೋಪಾಲಗೌಡರು ಅದನ್ನು ನೋಡಲಿಲ್ಲ. ನನಗೆ ಇವತ್ತಿಗೂ ಸಂಕಟ ಆಗೋದು ಅದಕ್ಕೇ. ಉಳುವ ಭೂಮಿ ತಮ್ಮದಾಗಲು ಗೇಣಿದಾರರು ಫಾರಂ 7 ತುಂಬಿ ಡಿಕ್ಲರೇಷನ್ ಕೊಡಬೇಕಿತ್ತು. ನಮ್ಮಜ್ಜ ಹೆಬ್ಬೆಟ್ಟು ಒತ್ತಿದ ದಿನ ಸಂಜೆ ಕೊಳಗವನ್ನು ತೊಳೆದು, ಒಣಗಿಸಿ ಅಟ್ಟಕ್ಕೆ ಇಟ್ಟರಂತೆ. ಅಮ್ಮ ಹೇಳಿದ್ದು. ಶಿವಮೊಗ್ಗದಿಂದ ಸಾಗರ ಕಡೆ ಬಂದಾಗ ಮನೆಗೆ ಬನ್ನಿ, ಕೈಯಲ್ಲಿ ಹಿಡಿದು ನೋಡುವಿರಂತೆ.

ಪ್ರಶ್ನೆ: ಈ ದೀಪಾವಳಿಗೆ ಮಕ್ಕಳನ್ನು ಊರಿಗೆ ಕರೆದುಕೊಂಡು ಬರ್ತಿದ್ದೀವಿ. ಅಂಟಿಗೆ ಪಂಟಿಗೆಯವರು ಬಂದಾಗ ಮನೆಯವರು ಏನು ಮಾಡಬೇಕು? ನನಗೇ ಮರೆತುಹೋಗಿದೆ.
(ರಿಪ್ಪನ್‌ಪೇಟೆಯವರು, ಈಗ ಬೆಂಗಳೂರು)

ತುಂಬಾ ಖುಷಿಯಾಯಿತು. ಮಕ್ಕಳನ್ನು ಮಧ್ಯಾಹ್ನವೇ ಮಲಗಿಸಿ. ದೀಪ ಹಿಡಿದು ಹಾಡುತ್ತಾ ಮನೆಮನೆಗೆ ಹೋಗುವ ಈ ತಂಡ ನಿಮ್ಮ ಮನೆ ಮುಟ್ಟುವಾಗ ರಾತ್ರಿ ಎರಡೋ ಮೂರೋ ಆಗಿರಬಹುದು. ಅವರು ತರೋದು ಬಲೀಂದ್ರನ ಹೆಸರಲ್ಲಿ ಹಚ್ಚಿದ ದೀಪ. ಮನೆಯಿಂದ ಮನೆಗೆ ಅದು ಆರದ ಹಾಗೆ ಗಾಳಿಗೆ ಕೈ ಅಡ್ಡ ಹಿಡಿದುಕೊಂಡು ತೋಟ, ಗದ್ದೆಯಂಚು ದಾಟಿ ಬಂದಿರುತ್ತಾರೆ. ಅದಕ್ಕೆ ಎಣ್ಣೆ ಎರೆಯಿರಿ. ಅದರಿಂದ ನಿಮ್ಮ ಮನೆ ದೀಪ ಹಚ್ಚಿಕೊಳ್ಳಿ, ಆ ಕೆಲಸ ಮಕ್ಕಳ ಕೈಯಲ್ಲೇ ಆಗಲಿ. ಅಕ್ಕಿ, ಕಾಯಿ, ಕೈಲಾದಷ್ಟು ದುಡ್ಡು ಕೊಡಿ. ಒಂದು ಮಾತು ಮಾತ್ರ ನೆನಪಿರಲಿ: ಅಂಗಳದಲ್ಲಿ ದನಿ ಕೇಳಿದ ತಕ್ಷಣ ಎದ್ದು ಓಡಬೇಡಿ. ಬಾಗಿಲು ತೆಗೆಯಿರಿ ಅಂತ ಕೇಳೋಕೆ ಅವರ ಹತ್ತಿರ ಒಂದು ಹಾಡೇ ಇದೆ. ಅದನ್ನು ಒಳಗೆ ಕತ್ತಲಲ್ಲಿ ಕೂತು ಪೂರ್ತಿ ಕೇಳಿ, ಆಮೇಲೆ ತೆಗೆಯಿರಿ.